ಪಿಸ್ತೊಲೆತ್ತೊ ಕನ್ನಡಿ ಚಿತ್ರಗಳು: ಫೋಟೋನಾ, ಪೇಂಟಿಂಗಾ?

ಬಣ್ಣದಡಬ್ಬಿ: ಇಟಲಿಯ ಮಿಕೆಲಾಂಜೆಲೊ ಪಿಸ್ತೊಲೆತ್ತೊ ಅವರ ಕನ್ನಡಿ ಚಿತ್ರಗಳನ್ನು ನೋಡಿ ಬೆರಗಾಯಿತು. ಚಿತ್ರದಲ್ಲಿರುವ ಜನ ಕನ್ನಡಿಗೆ ಹೇಗೆ ಅಂಟಿಕೊಂಡಿದ್ದಾರೆ? ನಾನು ಕನ್ನಡಿ ಮೇಲೆ ಅಕ್ರಿಲಿಕ್ ಹಚ್ಚಿದೆ, ಒಣಗಿದ ಮೇಲೆ ಸಿಪ್ಪೆ ಹಾಗೆ ಎದ್ದು ಬಂತು.

ಕುಂಚ82: ಎರಡೂ ಹೌದು. ಅದು ಗಾಜಲ್ಲ, ಫಳಫಳ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲ್. 1962ರಿಂದ ಅವರು ಫೋಟೋವನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ, ತೆಳು ಟಿಶ್ಯೂ ಕಾಗದದ ಮೇಲೆ ಆಕಾರ ತೆಗೆದು, ಬಣ್ಣ ತುಂಬಿ, ಕತ್ತರಿಸಿ ಸ್ಟೀಲಿಗೆ ಅಂಟಿಸುತ್ತಿದ್ದರು. 70ರ ದಶಕದಲ್ಲಿ ಸಿಲ್ಕ್‌ಸ್ಕ್ರೀನ್‌ಗೆ, ಅಂದರೆ ಜಾಲರಿ ಪರದೆಯ ಮೂಲಕ ಬಣ್ಣ ಒತ್ತಿ ಅಚ್ಚು ಹಾಕುವ ವಿಧಾನಕ್ಕೆ ಬಂದರು.

ನೆರಳುಬೆಳಕು: ಶುರುವಾದದ್ದು ವಾರ್ನಿಶ್‌ನಿಂದ. 1961ರಲ್ಲಿ ತಮ್ಮದೇ ಚಿತ್ರ ಬರೆಯುವಾಗ, ಕಪ್ಪು ಹಿನ್ನೆಲೆಯ ದಪ್ಪ ವಾರ್ನಿಶ್ ಹೊಳಪಿನಲ್ಲಿ ಅವರಿಗೆ ತಮ್ಮ ಮುಖವೇ ಕಂಡಿತು! ಈ ಚಿತ್ರಗಳನ್ನು ಹೆಚ್ಚಾಗಿ ನೆಲಮಟ್ಟಕ್ಕೇ ಇಡುತ್ತಾರೆ, ಹಾಗಾಗಿ ತೆರೆದ ಬಾಗಿಲಿನ ಹಾಗೆ ಕಾಣುತ್ತದೆ, ನಾವೂ ಒಳಗೆ ನಿಂತಿರುತ್ತೇವೆ. ಫೋಟೋದವರು ಆ ಒಂದು ಗಳಿಗೆಯಲ್ಲೇ ಇರುತ್ತಾರೆ, ನಾವು ಮಾತ್ರ ಬಂದು ಹೋಗುತ್ತಿರುತ್ತೇವೆ, ಅಲ್ವಾ? ನನಗೆ ತುಂಬಾ ಇಷ್ಟವಾದದ್ದು ಅದೇ. ಸುಮ್ನೆ ಫೋಟೋದಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಬಣ್ಣದಡಬ್ಬಿ: ಓ, ಅಂಟಿಸಿದ್ದಾ! ತುಂಬಾ ಥ್ಯಾಂಕ್ಸ್. ಮೊದಲು ಚಿಕ್ಕ ಸ್ಟೀಲ್ ಹಾಳೆ ಮೇಲೆ ಅಮ್ಮನ ಫೋಟೋದಿಂದ ಶುರು ಮಾಡುತ್ತೇನೆ.