ಹಿನ್ನೋಟದ ಕನ್ನಡಿಗೆ ಬೇಕಾದದ್ದು ಐಎಸ್‌ಐ ಗುರುತೇ, ಟೈಪ್ ಅಪ್ರೂವಲ್ಲೇ, ಇ-ಮಾರ್ಕೇ?

ಪ್ರಶ್ನೆ (ಪೀಣ್ಯದಿಂದ)

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಬೇರೊಂದು ಕಂಪನಿಗೆ ದ್ವಿಚಕ್ರ ವಾಹನದ ಹಿನ್ನೋಟದ ಕನ್ನಡಿಯ ಪ್ಲಾಸ್ಟಿಕ್ ಕವಚವನ್ನಷ್ಟೇ ಮಾಡಿಕೊಡುತ್ತಿದ್ದ ನಮ್ಮ ಸಣ್ಣ ಘಟಕ, ಈಗ ಕನ್ನಡಿಯನ್ನು ಪೂರ್ತಿಯಾಗಿ ತಾನೇ ತಯಾರಿಸಲು ಹೊರಟಿದೆ. ಗಾಜನ್ನು ಹೊರಗಿನಿಂದ ಕೊಂಡು, ಕವಚ ಮತ್ತು ಕಂಬಿಯನ್ನು ನಾವೇ ಮಾಡುತ್ತೇವೆ. ವಿದ್ಯುತ್ ಸ್ಕೂಟರ್ ತಯಾರಕರೊಬ್ಬರು ಟಿಎಸಿ (ಟೈಪ್ ಅಪ್ರೂವಲ್, ಅಂದರೆ ವಿನ್ಯಾಸದ ಅನುಮೋದನೆಯ ಪ್ರಮಾಣಪತ್ರ) ಇಲ್ಲದೆ ಆರ್ಡರ್ ಕೊಡುವುದಿಲ್ಲ ಎನ್ನುತ್ತಾರೆ, ಯೂರೋಪಿನ ಖರೀದಿದಾರರೊಬ್ಬರು ಇ-ಮಾರ್ಕ್ ಕೇಳುತ್ತಾರೆ, ನಮ್ಮ ಲೆಕ್ಕಪರಿಶೋಧಕರೋ ಐಎಸ್‌ಐ ಸಾಕು ಎನ್ನುತ್ತಾರೆ. ಯಾವುದರಿಂದ ಆರಂಭಿಸಬೇಕು? ಮಾದರಿಯನ್ನು ಈಗಲೇ ಪರೀಕ್ಷೆಗೆ ಕಳುಹಿಸಬಹುದೇ?

ಉತ್ತರ 1 (ಹೋಮೊಲೊಗೇಷನ್, ಅಂದರೆ ವಾಹನ ಅನುಮೋದನೆಯ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವರು)

ಲೆಕ್ಕಪರಿಶೋಧಕರ ಮಾತನ್ನು ಲೆಕ್ಕಕ್ಕಷ್ಟೇ ಇಟ್ಟುಕೊಳ್ಳಿ. ಹೆಲ್ಮೆಟ್, ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕನ್ನಡಿಯ ದಾರಿ ಬೇರೆ. ಅದರ ಗುಣಲಕ್ಷಣಗಳನ್ನು ಎಐಎಸ್ (ಭಾರತದ ವಾಹನೋದ್ಯಮ ಮಾನದಂಡ)-001, ಅದನ್ನು ವಾಹನಕ್ಕೆ ಅಳವಡಿಸುವ ಕ್ರಮವನ್ನು ಎಐಎಸ್-002 ಹೇಳುತ್ತವೆ. ಸುರಕ್ಷತೆಗೆ ಸಂಬಂಧಿಸಿದ ಬಿಡಿಭಾಗಗಳಿಗೆ ಅನುಮೋದನೆ ಪಡೆಯುವ ವಿಧಾನ ಎಐಎಸ್-037ರಲ್ಲಿದೆ. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಗುರುತಿಸಿರುವ ಸಂಸ್ಥೆಗಳು: ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದವು. ನಿಮಗೆ ಹತ್ತಿರದ್ದು ಚೆನ್ನೈ ಬಳಿಯ ಒರಗಡಂನಲ್ಲಿರುವ ಜಿಎಆರ್‌ಸಿ.

ಮಾದರಿಯನ್ನು ಈಗಲೇ ಕಳುಹಿಸಬೇಡಿ. ಪ್ರಮಾಣಪತ್ರ ಸಿಗುವುದು ನಿಮ್ಮ ಕಂಪನಿಗಲ್ಲ, ನೀವು ಸಲ್ಲಿಸಿದ ನಕ್ಷೆ ಮತ್ತು ತಾಂತ್ರಿಕ ವಿವರಗಳಲ್ಲಿರುವ ಆ ಒಂದು ವಿನ್ಯಾಸಕ್ಕೆ. ಗಾಜು ಯಾರದ್ದು, ಲೇಪನ ಯಾವುದು, ಕವಚದ ಪ್ಲಾಸ್ಟಿಕ್ ಯಾವ ದರ್ಜೆಯದು ಎಂಬುದೆಲ್ಲ ನಿಶ್ಚಯವಾಗುವ ಮೊದಲೇ ಅರ್ಜಿ ಹಾಕಿದರೆ, ನಂತರದ ಪ್ರತಿ ಬದಲಾವಣೆಗೂ ಅನುಮೋದನೆಯ ವಿಸ್ತರಣೆ ಕೇಳುತ್ತ ಕೂರಬೇಕಾಗುತ್ತದೆ. ಕೆಲವೊಮ್ಮೆ ಮರುಪರೀಕ್ಷೆಯ ಶುಲ್ಕವನ್ನೂ ತೆರಬೇಕಾಗುತ್ತದೆ.

ಉತ್ತರ 2 (ಬಿಡಿಭಾಗ ತಯಾರಕರು, ಹೊಸೂರು)

ಮೇಲಿನವರ ಮಾತನ್ನು ನಾನು ಕೈ ಸುಟ್ಟುಕೊಂಡು ಕಲಿತವನು. ಟಿಎಸಿ ಬಂದ ಮೇಲೆ ಕೆಲಸ ಮುಗಿಯಿತೆಂದು ಭಾವಿಸಿ, ಗಾಜಿನ ಸರಬರಾಜುದಾರರು ದರ ಏರಿಸಿದಾಗ ಇನ್ನೊಬ್ಬರಿಂದ ಕೊಳ್ಳತೊಡಗಿದೆವು, ಪರೀಕ್ಷಾ ಸಂಸ್ಥೆಗೆ ತಿಳಿಸಲಿಲ್ಲ. ಉತ್ಪಾದನೆಯು ಅನುಮೋದಿತ ಮಾದರಿಗೆ ಹೊಂದುತ್ತಿದೆಯೇ ಎಂದು ನೋಡುವ ಸಿಒಪಿ ಪರಿಶೀಲನೆಯಲ್ಲಿ, ನಮ್ಮ ಉಗ್ರಾಣದಿಂದ ಆರಿಸಿದ ಕನ್ನಡಿಯ ಪ್ರತಿಫಲನ ಕಡಿಮೆ ಬಂತು. ತಪ್ಪು ಪೂರ್ತಿ ನಮ್ಮದೇ. ಕಾರಣ ಹುಡುಕಿ, ಸರಿಪಡಿಸಿ, ಮತ್ತೆ ಮಾದರಿ ಕೊಟ್ಟು ಮುಗಿಸುವಷ್ಟರಲ್ಲಿ ಐದು ತಿಂಗಳು ಸರಕು ನಿಂತಿತು. ಗಾಜಿನ ಪ್ರತಿ ಕಂತಿಗೂ ಒಳಬರುವಾಗಲೇ ಪ್ರತಿಫಲನ ಅಳೆದು ದಾಖಲೆ ಇಡುವುದನ್ನು ಮೊದಲ ದಿನದಿಂದಲೇ ಆರಂಭಿಸಿ.

ಉತ್ತರ 3 (ರಫ್ತು ವ್ಯವಹಾರದವರು)

ಇ-ಮಾರ್ಕ್ ಎಂಬ ಅನುಮೋದನೆಯ ಗುರುತು ವಾಹನ ನಿಯಮಗಳ ಕುರಿತ ವಿಶ್ವಸಂಸ್ಥೆಯ 1958ರ ಒಪ್ಪಂದದಡಿ ಬರುತ್ತದೆ. ಭಾರತ 2006ರಲ್ಲಿ ಸೇರಿದ್ದು 1998ರ ಒಪ್ಪಂದಕ್ಕೆ, 1958ರದ್ದಕ್ಕಲ್ಲ. ಆದುದರಿಂದ ಈ ಅನುಮೋದನೆಯನ್ನು ಸದಸ್ಯ ರಾಷ್ಟ್ರವೊಂದರ ಪ್ರಾಧಿಕಾರವೇ ಕೊಡಬೇಕು. ವೃತ್ತದೊಳಗಿನ ಇ ಅಕ್ಷರದ ಮುಂದಿನ ಅಂಕಿ ಆ ರಾಷ್ಟ್ರವನ್ನು ಸೂಚಿಸುತ್ತದೆ: 1 ಜರ್ಮನಿ, 4 ನೆದರ್ಲೆಂಡ್ಸ್. ಹ್ಯಾಂಡಲ್ ಮೇಲಿನ ಕನ್ನಡಿಗೆ ಅನ್ವಯಿಸುವುದು ಈ ಒಪ್ಪಂದದಡಿಯ ವಿಶ್ವಸಂಸ್ಥೆಯ 81ನೇ ನಿಯಮ. ಪ್ರತಿಫಲಿಸುವ ಮೇಲ್ಮೈ ಕನಿಷ್ಠ 69 ಚದರ ಸೆಂಟಿಮೀಟರ್ ಇರಬೇಕು, ಉಬ್ಬುಗನ್ನಡಿಯ ವಕ್ರತಾ ತ್ರಿಜ್ಯ 1,000ರಿಂದ 1,500 ಮಿಲಿಮೀಟರ್‌ಗಳ ನಡುವೆ ಇರಬೇಕು, ಪ್ರತಿಫಲನ ಶೇ. 40ಕ್ಕಿಂತ ಕಡಿಮೆಯಾಗಬಾರದು. ಲೋಲಕದ ಹೊಡೆತದ ಪರೀಕ್ಷೆಯೂ ಇದೆ. ಮುಂದೆ ಅಮೆರಿಕದ ಆರ್ಡರ್ ಬಂದರೆ ಗೊಂದಲ ಪಡಬೇಡಿ, ಅಲ್ಲಿ ತಯಾರಕರೇ ಸ್ವಯಂ ಪ್ರಮಾಣೀಕರಿಸುವ ಪದ್ಧತಿಯಿದೆ.

ಉತ್ತರ 4

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಬಿಎಸ್-6 ಬೈಕುಗಳಿಗೆ ಬದಲಿ ಸೈಲೆನ್ಸರ್ ತಯಾರಿಸುವ ಯೋಚನೆಯಿದೆ. ಅದಕ್ಕೂ ಹೀಗೆ ಒಂಟಿಯಾಗಿ ಟಿಎಸಿ ಪಡೆದು, ವಾಹನಕ್ಕೆ ಪಿಯುಸಿ (ಹೊಗೆ ತಪಾಸಣೆ) ಮಾಡಿಸಿದರೆ ಸಾಕಲ್ಲವೇ?

ಉತ್ತರ 5 (ಉತ್ತರ 1 ಬರೆದವರೇ)

ಕನ್ನಡಿಗೂ ಸೈಲೆನ್ಸರಿಗೂ ಅಜಗಜಾಂತರವಿದೆ. ಹೊಗೆ ಮತ್ತು ಶಬ್ದದ ಮಿತಿಗಳು ಇಡೀ ವಾಹನಕ್ಕೆ ಸಂಬಂಧಿಸಿದವು. ಕಂಪನಿಯವರು ವಾಹನವನ್ನು ಡೈನಮೋಮೀಟರ್ ಮೇಲೆ ನಿಗದಿತ ಚಾಲನಾ ಚಕ್ರದಲ್ಲಿ ಓಡಿಸಿ ಅನುಮೋದನೆ ಪಡೆದಿರುತ್ತಾರೆ, ಹೊಗೆಕೊಳವೆಯ ದಾರಿಯಲ್ಲಿದ್ದು ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಆ ಅನುಮೋದನೆಯ ಭಾಗವೇ ಆಗಿರುತ್ತದೆ. ಪೆಟ್ರೋಲ್ ಬೈಕಿನ ಪಿಯುಸಿ ಅಳೆಯುವುದು ಬೈಕ್ ನಿಂತಲ್ಲೇ ಇದ್ದು ಎಂಜಿನ್ ಐಡಲ್‌ನಲ್ಲಿರುವಾಗಿನ ಅನಿಲವನ್ನು ಮಾತ್ರ. ಅದು ಟೈಪ್ ಅಪ್ರೂವಲ್‌ಗೆ ಬದಲಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ದಂಡದ ಹೊಣೆ ಮಾಲೀಕರ ಮೇಲೂ ಬೀಳುತ್ತದೆ. ಬೈಕ್ ಕಂಪನಿಯ ಸಹಭಾಗಿತ್ವವಿಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ನಮ್ಮ ಗಾಜಿನ ತ್ರಿಜ್ಯವನ್ನು ಸ್ಫೆರೋಮೀಟರಿನಲ್ಲಿ ಅಳೆಸಿದೆ, 850 ಮಿಲಿಮೀಟರ್ ಬಂತು. ಹೆಚ್ಚು ಉಬ್ಬಿದ್ದರೆ ಹೆಚ್ಚು ರಸ್ತೆ ಕಾಣುತ್ತದೆಂದು ಸರಬರಾಜುದಾರರು ಹೇಳಿದ್ದನ್ನು ನಾವು ಗುಣವೆಂದೇ ನಂಬಿದ್ದೆವು. 1,200ರ ಗಾಜು ಕೇಳಿದ್ದೇನೆ. ಅದು ಕೂರುವಂತೆ ಕವಚದ ಅಚ್ಚನ್ನು ತಿದ್ದಿ, ನಕ್ಷೆಗೆ ಸಹಿ ಹಾಕಿದ ಮೇಲೆಯೇ ಒರಗಡಂಗೆ ಹೋಗುತ್ತೇನೆ.