ಹತ್ತು ಅಡಿಯ ಲೆಕ್ಕ

ಭಾನುವಾರ ಬೆಳಗ್ಗೆ ಆರೂವರೆಗೆ ಜಯನಗರದ ನಮ್ಮ ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಬಂದರೆ ನಿಮಗೆ ಮೊದಲು ಕಾಣುವುದು ಚೆಂಡಲ್ಲ, ಪೊರಕೆ. ಹೊಂಗೆಯ ಹೂವು ಕಡಲೆಪುರಿ ಚೆಲ್ಲಿದ ಹಾಗೆ ನೆಲದ ತುಂಬ ಬಿದ್ದಿರುತ್ತದೆ. ಗುಡಿಸದೆ ಆಡಿದರೆ ಆಟಗಾರ ಒಂದು ಕಡೆ, ಅವನ ಮೊಣಕಾಲು ಇನ್ನೊಂದು ಕಡೆ. ಹಾಗಾಗಿ ಗುಡಿಸುವುದು ಇಪ್ಪತ್ತು ನಿಮಿಷ, ಆಡುವುದು ಹದಿನೈದು ನಿಮಿಷ, ಆಮೇಲೆ ಮೂಲೆಯ ದರ್ಶಿನಿಯಲ್ಲಿ ನಿಂತು ಮಾತಾಡುವುದು ಎರಡು ಗಂಟೆ.

ನಾವು ಐದು ಜನ. ಬ್ಯಾಂಕಿನಿಂದ ನಿವೃತ್ತರಾದ ರಾಯರು, 1974ರಿಂದ ಇದೇ ಕೋರ್ಟಿನಲ್ಲಿದ್ದೇನೆ ಎಂಬುದನ್ನು ಎರಡು ಗುಟುಕು ಕಾಫಿಗೆ ಒಮ್ಮೆ ನೆನಪಿಸುವವರು. ಹಾರ್ಡ್‌ವೇರ್ ಅಂಗಡಿಯ ಗೌಡರು, ಎದುರಾಳಿಯನ್ನು ತಡೆಯಲು ಅವರಿಗಿಂತ ಮೊದಲು ಅವರ ಹೊಟ್ಟೆ ತಲುಪಿರುತ್ತದೆ. ಅಕ್ಕ, ಕಾಲೇಜಿನ ದಿನಗಳಲ್ಲಿ ರಾಜ್ಯ ತಂಡದ ಶಿಬಿರದವರೆಗೆ ಹೋಗಿ ಬಂದವರು, ಐದಡಿ ಎರಡಿಂಚು; ನಿಜ ಹೇಳಬೇಕೆಂದರೆ ನಮ್ಮಲ್ಲಿ ಆಟ ಬರುವುದು ಅವರೊಬ್ಬರಿಗೇ. ನನ್ನ ತಂಗಿಯ ಮಗ ಪುಟ್ಟ, ಆರಡಿ ಎರಡಿಂಚು. ಹೆಸರು ಕರೆಯುವಾಗ ಮನೆಯಲ್ಲಿ ಯಾರೂ ಮುಂದಾಲೋಚನೆ ಮಾಡಿರಲಿಲ್ಲ. ಐದನೆಯವನು ನಾನು. ಆಡಿದ್ದಕ್ಕಿಂತ ಸ್ಕೋರ್ ಪುಸ್ತಕ ಬರೆದದ್ದೇ ಹೆಚ್ಚಾದ್ದರಿಂದ ಎಲ್ಲರ ಬಾಯಲ್ಲೂ ಗುಮಾಸ್ತ. ಪುಸ್ತಕ, ಸೀಟಿ, ಕೋರ್ಟಿನ ಗೆರೆಗಳಿಗೆ ಬಣ್ಣ ಬಳಿಯುವ ಬ್ರಷ್, ಎಲ್ಲವೂ ನನ್ನ ಸುಪರ್ದಿ. ಆದರೆ ನನ್ನ ಹೆಸರಿನಲ್ಲೂ ಒಂದು ದಾಖಲೆ ಇದೆ: 2011ರಲ್ಲಿ ಪಕ್ಕದ ಬಡಾವಣೆಯವರ ಮೇಲೆ ಹತ್ತು ಫ್ರೀ ಥ್ರೋಗಳಲ್ಲಿ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ಅಡ್ಡ ಬರದ ಎಸೆತಗಳಲ್ಲಿ, ಒಂಬತ್ತು. ಪುಸ್ತಕದಲ್ಲಿ ಬರೆದಿದೆ. ಬರೆದವನೂ ನಾನೇ.

ಕಳೆದ ವಾರದ ಜಗಳ ಶುರುವಾದದ್ದು ಪುಟ್ಟನ ಜೆರ್ಸಿಯಿಂದ. ಬೆನ್ನ ಮೇಲೆ ದೊಡ್ಡದಾಗಿ 23. ಗೌಡರ ಕಣ್ಣು ತುಂಬಿ ಬಂತು.

"ಕೊನೆಗೂ ಬುದ್ಧಿ ಬಂತಲ್ಲಪ್ಪ! ಮೈಕೆಲ್ ಜೋರ್ಡನ್!"

"ಇದು ಲೆಬ್ರಾನ್ ಜೇಮ್ಸ್‌ದು ಅಂಕಲ್. ಬಣ್ಣ ನೋಡಿ."

ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಇಬ್ಬರೂ ಆ ನಂಬರ್ ತೊಟ್ಟು ಆಡಿದವರು; ಜೋರ್ಡನ್ ಮೊದಲು, ಲೆಬ್ರಾನ್ ಆಮೇಲೆ. ಗೌಡರು ಕೈಯಲ್ಲಿದ್ದ ವಡೆಯನ್ನು ಸಾಂಬಾರಿಗೆ ಬಿಟ್ಟರು. "23 ಎನ್ನುವ ನಂಬರಿಗೆ ಒಬ್ಬನೇ ಯಜಮಾನ. ಆರು ಸಲ ಫೈನಲ್, ಆರು ಸಲ ಗೆಲುವು. ನಿನ್ನವನು ಹತ್ತು ಫೈನಲ್ ಆಡಿ ಆರರಲ್ಲಿ ಸೋತಿದ್ದಾನೆ. ಅಂಥವನ ಅಂಗಿ ತೊಟ್ಟುಕೊಂಡು ನಮ್ಮ ಜೊತೆ ತಿಂಡಿಗೆ ಬರುತ್ತೀಯಲ್ಲ!"

"ಫೈನಲ್‌ನಲ್ಲಿ ಸೋತವನಿಗಿಂತ ಫೈನಲ್‌ಗೇ ಬರದವನು ಮೇಲೋ?" ಎಂದು ಅಕ್ಕ ಚಟ್ನಿ ಬಡಿಸಿಕೊಳ್ಳುತ್ತಾ ಕೇಳಿದರು. "ಜೋರ್ಡನ್ ಮೊದಲ ಮೂರು ವರ್ಷ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮನೆಗೆ ಹೋದ. ಹತ್ತು ಪಂದ್ಯ, ಒಂದೇ ಗೆಲುವು. ಅದು ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ. ಪರೀಕ್ಷೆ ಬರೆದು ಸೆಕೆಂಡ್ ಕ್ಲಾಸ್ ಬಂದವನು ದಡ್ಡ, ಹೊಟ್ಟೆನೋವು ಎಂದು ಮನೆಯಲ್ಲಿ ಮಲಗಿದವನು ಜಾಣ."

"ಅಕ್ಕ, ನೀವು ಯಾರ ಕಡೆ?"

"ನಾನು ಲೆಕ್ಕದ ಕಡೆ."

ರಾಯರು ಅಲ್ಲಿಯವರೆಗೆ ಸುಮ್ಮನಿದ್ದರು. ಅವರು ಸುಮ್ಮನಿದ್ದಾರೆಂದರೆ ಬಡ್ಡಿ ಬೆಳೆಯುತ್ತಿದೆ ಎಂದರ್ಥ. "ಮರಿ, ನಿನ್ನ ಹೀರೋ ಎರಡು ವರ್ಷ 6 ನಂಬರ್ ಹಾಕಿಕೊಂಡು ಆಡಿ ಮತ್ತೆ 23ಕ್ಕೆ ಬಂದದ್ದು ಯಾಕೆ ಹೇಳು."

"ಬಿಲ್ ರಸೆಲ್ ಗೌರವಾರ್ಥ. 6 ಅವರ ನಂಬರ್. ಅವರು 2022ರಲ್ಲಿ ತೀರಿಕೊಂಡ ಮೇಲೆ ಇಡೀ ಎನ್‌ಬಿಎಯಲ್ಲಿ ಆ ನಂಬರ್ ನಿವೃತ್ತಿಯಾಯಿತು."

"ಹಾಗೆ ಬಾ ದಾರಿಗೆ. ಹದಿಮೂರು ಸೀಸನ್, ಹನ್ನೊಂದು ಚಾಂಪಿಯನ್‌ಷಿಪ್. ಕೊನೆಯ ಎರಡನ್ನು ತಾನೇ ಕೋಚ್ ಆಗಿ, ತಾನೇ ಆಡಿ ಗೆದ್ದ. ಮ್ಯಾನೇಜರೂ ಅವನೇ, ಕ್ಯಾಷಿಯರೂ ಅವನೇ. ನಿಮ್ಮ ಆರು, ನಾಲ್ಕು ಎಲ್ಲ ಕೂಡಿಸಿದರೂ ಹತ್ತೇ ಆಗುತ್ತದೆ. ಇನ್ನೊಂದಕ್ಕೆ ಸಾಲ ಕೇಳಬೇಕು."

"ಅಂಕಲ್, ರಸೆಲ್ ಆಡಲು ಬಂದಾಗ ಲೀಗಿನಲ್ಲಿ ಇದ್ದದ್ದು ಎಂಟೇ ತಂಡ. ಈಗ ಮೂವತ್ತು. ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವದ ಕ್ರಿಕೆಟ್‌ಗೇ ಹನ್ನೆರಡು ತಂಡ ಬರುತ್ತವೆ!"

ಇದಕ್ಕೆ ರಾಯರ ಬಳಿ ಉತ್ತರ ಇತ್ತು. ಎಂಟೇ ತಂಡ ಎಂದರೆ ಆಟಗಾರರ ಜಾಗವೂ ಕಡಿಮೆ. ಅಲ್ಲಿಗೆ ಬಂದವರೆಲ್ಲ ಸೋಸಿ ಉಳಿದ ಗಟ್ಟಿಗರು. ಅದೇ ದೈತ್ಯನನ್ನು ವರ್ಷಕ್ಕೆ ಎಂಟು ಹತ್ತು ಸಲ ಎದುರಿಸಬೇಕು. ದೈತ್ಯ ಎಂದದ್ದೇ ತಡ, ರಸೆಲ್‌ನ ಎದುರಾಳಿ ವಿಲ್ಟ್ ಚೇಂಬರ್ಲೇನ್ ಬಂದೇ ಬಂದ. ರಾಯರ ಮಾತಿನಲ್ಲಿ ಅವನು ಬರದ ಭಾನುವಾರವೇ ಇಲ್ಲ.

"1961–62ರ ಸೀಸನ್. ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್. ಅದು ಬಿಡಿ. ಆಟ ಇರುವುದು 48 ನಿಮಿಷ. ಅವನು ಸರಾಸರಿ ಆಡಿದ್ದು 48.5 ನಿಮಿಷ! ಅಸಲಿಗಿಂತ ಹೆಚ್ಚು! ಓವರ್‌ಟೈಮ್ ಬಂದದ್ದನ್ನೂ ಬಿಡದೆ ಆಡಿದ. ಈಗಿನವರಿಗೆ ವಾರಕ್ಕೆ ಮೂರು ಪಂದ್ಯವಾದರೆ ಒಂದಕ್ಕೆ ರಜೆ ಬೇಕು. 1962ರ ಮಾರ್ಚ್ 2, ಹರ್ಷೀ ಎಂಬ ಊರು, ಎದುರಿಗೆ ನ್ಯೂಯಾರ್ಕ್, ಒಬ್ಬನೇ 100 ಪಾಯಿಂಟ್!"

"ಯಾರು ನೋಡಿದವರು?" ಗೌಡರು ಕಾಯುತ್ತಿದ್ದ ಜಾಗ ಇದು. "ಟಿವಿಯಲ್ಲಿ ಬರಲಿಲ್ಲ. ಫಿಲ್ಮ್ ಇಲ್ಲ. ಕ್ರೀಡಾಂಗಣದಲ್ಲಿ ಇದ್ದವರೇ ನಾಲ್ಕು ಸಾವಿರ ಚಿಲ್ಲರೆ ಜನ. ನೂರು ಹೊಡೆದ ಎನ್ನುವುದಕ್ಕೆ ಸಾಕ್ಷಿ ಒಂದು ಹಾಳೆಯ ಮೇಲೆ '100' ಎಂದು ಬರೆದುಕೊಂಡು ತೆಗೆಸಿಕೊಂಡ ಫೋಟೋ. ಅಂಥ ಹಾಳೆ ನಾನೂ ಬರೆಯುತ್ತೇನೆ, ಕೊಡಿ ಪೆನ್ನು. ನನ್ನವನನ್ನು ಕೋಟಿ ಜನ ನೋಡಿದ್ದಾರೆ. 1998, ಯೂಟಾ, ಫೈನಲ್‌ನ ಆರನೆಯ ಪಂದ್ಯ. ನಮಗೆ ಸೋಮವಾರ ಬೆಳಗ್ಗೆ. ಎದುರಾಳಿ ಮಲೋನ್ ಕೈಯಿಂದ ಚೆಂಡು ಕಸಿದ, ಈ ಕಡೆ ಬಂದ, ಎದುರಿನವನನ್ನು ಜಾರಿಸಿದ, ಎದ್ದ, ಬಿಟ್ಟ. 87–86! ನಾನು ಈ ಎರಡು ಕಣ್ಣಿನಿಂದ…"

"ನೋಡಲಿಲ್ಲ" ಎಂದರು ರಾಯರು.

ಗೌಡರ ಕೈ ಜೋರ್ಡನ್ ಚೆಂಡು ಬಿಟ್ಟ ಭಂಗಿಯಲ್ಲೇ ಗಾಳಿಯಲ್ಲಿ ನಿಂತಿತು.

"ನಾನೂ ನಿಮ್ಮ ಮನೆಯಲ್ಲೇ ಇದ್ದೆ ಗೌಡರೇ. ಕೊನೆಯ ಒಂದು ನಿಮಿಷ ಉಳಿದಾಗ ಕರೆಂಟ್ ಹೋಯಿತು. ನೀವು ಟಿವಿಯ ನೆತ್ತಿಗೆ ಎರಡು ಬಿಟ್ಟಿರಿ. ನಿಮ್ಮ ತಾಯಿ ದೇವರ ಮನೆಯಿಂದ ದೀಪ ತಂದರು. ದೀಪದ ಬೆಳಕಿನಲ್ಲಿ ಇಬ್ಬರೂ ಕಪ್ಪು ಪರದೆಯನ್ನು ನೋಡುತ್ತಾ ಕೂತಿದ್ದೆವು. ಮರುದಿನ ಪತ್ರಿಕೆಯಲ್ಲಿ ಓದಿದೆವು."

ಈ ಸಂಗತಿ ಇಪ್ಪತ್ತೇಳು ವರ್ಷ ಮುಚ್ಚಿಟ್ಟದ್ದು. ಪುಟ್ಟ ನಕ್ಕ ರಭಸಕ್ಕೆ ಪಕ್ಕದ ಮೇಜಿನವರ ಕಾಫಿ ಚೆಲ್ಲಿತು.

"ಕಣ್ಣಾರೆ ಕಂಡ ಮಾತು ಬಂತಲ್ಲ, ನಾನೊಂದು ಹೇಳುತ್ತೇನೆ" ಎಂದರು ಅಕ್ಕ. "2017ರ ಜುಲೈ. ಕಂಠೀರವ ಕ್ರೀಡಾಂಗಣ. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಎರಡೇ ಪಾಯಿಂಟ್! ನಾಲ್ಕೂ ಜನರಿಗೆ ಫೋನ್ ಮಾಡಿದ್ದೆ. ಒಬ್ಬರಿಗೆ ಗೃಹಪ್ರವೇಶ, ಒಬ್ಬರಿಗೆ ಸ್ಟಾಕ್ ಲೆಕ್ಕ, ಪುಟ್ಟನಿಗೆ ಟ್ಯೂಷನ್, ಗುಮಾಸ್ತರು ಫೋನೇ ಎತ್ತಲಿಲ್ಲ. 1962ರ ಹರ್ಷೀಗೆ ಎಲ್ಲರೂ ಹೋಗಿ ಬಂದವರ ಹಾಗೆ ಮಾತಾಡುತ್ತೀರಿ."

ಒಂದು ನಿಮಿಷ ಎಲ್ಲರಿಗೂ ಇಡ್ಲಿಯ ಮೇಲೆ ವಿಪರೀತ ಆಸಕ್ತಿ ಬಂತು.

ನಾನು ಮಧ್ಯೆ ಬಾಯಿ ಹಾಕಿದೆ. ನನ್ನ ಸಂಕಟ ಬೇರೆಯದು. ರಸೆಲ್, ಚೇಂಬರ್ಲೇನ್ ಇಬ್ಬರೂ ಜೀವಮಾನವಿಡೀ ಎದುರಾಳಿಗಳ ಚೆಂಡನ್ನು ಗಾಳಿಯಲ್ಲೇ ತಟ್ಟಿ ಉರುಳಿಸಿದರು. ಎನ್‌ಬಿಎ ಆ ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದು 1973–74ರಲ್ಲಿ, ಇಬ್ಬರೂ ಆಟ ಬಿಟ್ಟ ಮೇಲೆ! ಮನೆಯ ಕೆಲಸವನ್ನೆಲ್ಲ ಮಾಡಿದ ಹಿರಿ ಸೊಸೆ ತೀರಿಕೊಂಡ ಮೇಲೆ ಮಾವ ಕೂಲಿ ಪುಸ್ತಕ ತೆರೆದ ಹಾಗಾಯಿತು. ಕೈಯಲ್ಲಿ ಪೆನ್ಸಿಲ್ ಇದ್ದೂ ಅದನ್ನು ಬರೆಯದೆ ಕೂತಿದ್ದ ಗುಮಾಸ್ತರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಅವರಿಬ್ಬರನ್ನು ಇಂದಿನವರ ಜೊತೆ ತೂಗುವುದು ಹೇಗೆ? ಒಂದು ತಟ್ಟೆಯಲ್ಲಿ ಅರ್ಧ ತೂಕದ ಕಲ್ಲೇ ಇಲ್ಲ.

"ಹಾಗೆ ನೋಡಿದರೆ, ಆಚೆಯಿಂದ ಎಸೆದು ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ಗೆರೆಯೂ ಇರಲಿಲ್ಲ" ಎಂದ ಪುಟ್ಟ. "ಎನ್‌ಬಿಎಗೆ ಬಂದದ್ದೇ 1979ರಲ್ಲಿ. ಕರೀಮ್ ಅಬ್ದುಲ್ ಜಬ್ಬಾರ್ 38,387 ಪಾಯಿಂಟ್ ಮಾಡಿದರಲ್ಲ, ಅದರಲ್ಲಿ ಮೂರು ಪಾಯಿಂಟಿನದು ಒಂದೇ ಒಂದು. ಜೋರ್ಡನ್ ಇಡೀ ವೃತ್ತಿಯಲ್ಲಿ 581. ಸ್ಟೀಫನ್ ಕರಿ 2015–16ರ ಒಂದೇ ಸೀಸನ್‌ನಲ್ಲಿ 402."

"ಆ ಕರಿಬೇವಿನ ವಿಷಯ ಎತ್ತಬೇಡ" ಎಂದರು ಗೌಡರು. "ಒಗ್ಗರಣೆಗೆ ಸರಿ. ತಟ್ಟೆಗೆ ಬಂದ ಮೇಲೆ ಪಕ್ಕಕ್ಕೆ ಎತ್ತಿಡುವುದೇ. ಮುಟ್ಟಿದರೆ ಫೌಲ್ ಎನ್ನುವ ಕಾಲದವನು. ನಮ್ಮವನ ಕಾಲದಲ್ಲಿ ಸೊಂಟಕ್ಕೆ ಕೈ ಕೊಟ್ಟು ತಡೆಯುತ್ತಿದ್ದರು. 2004ರಲ್ಲಿ ಅದನ್ನು ಬಿಗಿಯಾಗಿ ನಿಲ್ಲಿಸಿದರು. ಆಮೇಲೆ ಎಲ್ಲರೂ ಶೂರರೇ."

ಕರಿಯನ್ನು ಅಂದದ್ದು ಅಕ್ಕನಿಗೆ ನಾಟಿತು. ಐದಡಿ ಎರಡಿಂಚಿನವರಿಗೆ ಆರಡಿ ಎರಡಿಂಚಿನ ಕರಿ ತಮ್ಮ ಪೈಕಿ. ಆ ಲೀಗಿನಲ್ಲಿ ಅವನು ಕುಳ್ಳನೇ. "ಸರಿ, ಕಾಲ ಬೇರೆ, ನಿಯಮ ಬೇರೆ, ಷೂ ಬೇರೆ ಎಂದು ಎಲ್ಲರೂ ಒಪ್ಪಿದಿರಿ. ಹಾಗಾದರೆ ಯಾವ ಕಾಲಕ್ಕೂ ಬದಲಾಗದ ಒಂದರಲ್ಲಿ ಅಳೆಯೋಣ. ಫ್ರೀ ಥ್ರೋ. ಗೆರೆಯಿಂದ ಬೋರ್ಡಿಗೆ ಹದಿನೈದು ಅಡಿ, ರಿಂಗ್ ಹತ್ತು ಅಡಿ ಎತ್ತರ. ಕೈ ಅಡ್ಡ ಇಡುವವರಿಲ್ಲ, ಬೇಕೆಂದರೆ ದೇವರ ಹೆಸರು ಹೇಳಿ ಹೊಡೆಯಿರಿ."

ಈ ಮಾತು ನನಗೆ ಬಹಳ ಹಿಡಿಸಿತು. ಯಾಕೆಂದು ನಿಮಗೆ ಗೊತ್ತು.

"ಕರಿ ನೂರಕ್ಕೆ ತೊಂಬತ್ತೊಂದರ ಆಸುಪಾಸು. ಜೋರ್ಡನ್ ಎಂಬತ್ತಮೂರು ಚಿಲ್ಲರೆ. ಲೆಬ್ರಾನ್ ಎಪ್ಪತ್ತು ದಾಟಿ ಅಲ್ಲೇ ಎಲ್ಲೋ. ರಾಯರೇ, ನಿಮ್ಮ ದೈತ್ಯ?"

ರಾಯರು ಮೀಸೆ ಒರೆಸಿಕೊಂಡರು. "ಐವತ್ತೊಂದು. ಆದರೆ ಆ ನೂರರ ರಾತ್ರಿ 32ರಲ್ಲಿ 28! ಆ ವರ್ಷ ಎರಡು ಕೈಯಲ್ಲಿ ಹಿಡಿದು ಕಾಲುಗಳ ನಡುವಿನಿಂದ ಮೇಲಕ್ಕೆ ತೂಗಿ ಎಸೆಯುತ್ತಿದ್ದ. ಆಮೇಲೆ ನಾಚಿಕೆಯಾಗುತ್ತದೆ ಎಂದು ಬಿಟ್ಟುಬಿಟ್ಟ. ಅಮೆರಿಕದಲ್ಲಿ ಅದಕ್ಕೆ ಅಜ್ಜಿ ಎಸೆತ ಎಂದು ಹೆಸರು."

"ಅಜ್ಜಿಗೇನು ಕಡಿಮೆ?" ಅಕ್ಕ ಲೋಟವನ್ನು ಕುಟ್ಟಿದರು. "ರಿಕ್ ಬ್ಯಾರಿ ಹಾಗೆ ಎಸೆದೇ ನೂರಕ್ಕೆ ಸುಮಾರು ತೊಂಬತ್ತು ಹಾಕಿದ. ಏಳಡಿ ಗಂಡಸು, ಚೆಂಡು ಬೀಳುತ್ತದೆ ಎಂದು ಗೊತ್ತಿದ್ದೂ ಅಜ್ಜಿಯ ಹಾಗೆ ಕಾಣುತ್ತೇನೆ ಎಂದು ಬಿಟ್ಟನಂತೆ. ಇವನನ್ನು ಹಿಡಿದುಕೊಂಡು ಐವತ್ತು ವರ್ಷದಿಂದ ನಮ್ಮ ತಲೆ ತಿನ್ನುತ್ತಿದ್ದೀರಿ."

ರಾಯರು ಮಾತು ತಿರುಗಿಸಲು ಈ ಆಟವನ್ನು ಹುಟ್ಟುಹಾಕಿದ ನೇಸ್ಮಿತ್‌ನನ್ನು ಕರೆತಂದರು. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮಶಾಲೆಯಲ್ಲಿ ಆ ಮೇಷ್ಟರು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನೇತುಹಾಕಿದರು. ಮೇಲಂತಸ್ತಿನ ಕಟಕಟೆ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ, ಆದ್ದರಿಂದ ಬುಟ್ಟಿಯೂ ಹತ್ತು ಅಡಿ. "ಆ ಕಟ್ಟಡ ಕಟ್ಟಿದ ಮೇಸ್ತ್ರಿ ಒಂದು ಸಾಲು ಇಟ್ಟಿಗೆ ಹೆಚ್ಚು ಇಟ್ಟಿದ್ದರೆ ನಿಮ್ಮ ಜೋರ್ಡನ್ ನಡುವೆ ಆಡಲು ಹೋಗಿದ್ದ ಬೇಸ್‌ಬಾಲ್‌ನಲ್ಲೇ ಉಳಿಯುತ್ತಿದ್ದ ಗೌಡರೇ. ಇವತ್ತಿಗೂ ಹತ್ತು ಅಡಿ ಎಂದರೆ ಹತ್ತು ಅಡಿ. ನಮ್ಮ ಕೋರ್ಟಿನಲ್ಲೂ ಹತ್ತೇ."

"ಹತ್ತೇ?" ಎಂದರು ಗೌಡರು. ಅಂಗಡಿಯವರ ಮುಂದೆ ಅಳತೆಯ ಮಾತು ಆಡಬಾರದು. ಅವರ ಸ್ಕೂಟರಿನ ಡಿಕ್ಕಿಯಲ್ಲಿ ಟೇಪು ಸದಾ ಇರುತ್ತದೆ.

ಕಾಫಿ ಅರ್ಧಕ್ಕೇ ಬಿಟ್ಟು ಕೋರ್ಟಿಗೆ ಬಂದೆವು. ಪುಟ್ಟ ಸ್ಟೂಲ್ ಹತ್ತಿ ಟೇಪಿನ ಕೊಕ್ಕೆಯನ್ನು ರಿಂಗಿಗೆ ಸಿಕ್ಕಿಸಿದ. ತುಕ್ಕು ಹಿಡಿದ ಕೇಸರಿ ಬಣ್ಣ ಪುಡಿಪುಡಿಯಾಗಿ ಅವನ ತೋಳಿನ ಮೇಲೆ ಉದುರಿತು. ಗೌಡರು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ ಓದಿದರು. "ಒಂಬತ್ತು ಅಡಿ ಏಳಿಂಚು."

ಗಾಳಿಗೆ ಇನ್ನಷ್ಟು ಹೊಂಗೆ ಹೂವು ಬಿತ್ತು.

ಕಾರಣ ನನ್ನ ಪುಸ್ತಕದಲ್ಲೇ ಇತ್ತು. 1988ರಲ್ಲಿ ಬಿರುಕು ಮುಚ್ಚಲು ಹಳೆಯ ನೆಲದ ಮೇಲೆ ಎರಡಿಂಚು ಸಿಮೆಂಟ್ ಹಾಕಿಸಿದೆವು. 2009ರಲ್ಲಿ ಅದರ ಮೇಲೆ ಮೂರಿಂಚು. ಕಂಬ ಇದ್ದಲ್ಲೇ ಇತ್ತು, ನೆಲ ಮೇಲೆ ಬಂತು. ಟಾರಿನ ಮೇಲೆ ಟಾರು ಹಾಕಿ ಹಾಕಿ, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಎರಡು ಮೆಟ್ಟಿಲು ಇಳಿದು ಹೋಗುವಂತಾದ ನಮ್ಮ ರಸ್ತೆಯ ಕಥೆಯೇ.

ರಾಯರ ಮುಖ ಬೆಳಗಿತು. "ಅಂದರೆ ನಾನು ಆಡಿದ್ದು ಅಪ್ಪಟ ಹತ್ತು ಅಡಿಯಲ್ಲಿ! ಗೌಡರೇ, 1997ರಲ್ಲಿ ನೀವು ರಿಂಗ್ ಮುಟ್ಟಿದಿರಲ್ಲ, ವರ್ಷಕ್ಕೊಮ್ಮೆ ಅದರ ಜಯಂತಿ ಆಚರಿಸುತ್ತೀರಲ್ಲ, ಅದು ಒಂಬತ್ತು ಅಡಿ ಹತ್ತಿಂಚು. ಪುಟ್ಟ, ಹೋದ ತಿಂಗಳು ನೀನು ಜಿಗಿದು ಚೆಂಡನ್ನು ರಿಂಗಿನೊಳಗೆ ತುರುಕಿ ಡಂಕ್ ಹೊಡೆದು ವಿಡಿಯೋ ಹಾಕಿದೆಯಲ್ಲ, ಅದಕ್ಕೆ ಐದಿಂಚು ರಿಯಾಯಿತಿ. ನನ್ನ ಕಾಲದಲ್ಲಾಗಿದ್ದರೆ ನೆಟ್ ಹಿಡಿದು ಜೋತಾಡುತ್ತಿದ್ದೆ."

"ನಿಮ್ಮ ಕಾಲದಲ್ಲಿ ತೆಂಕಣ ದಿಕ್ಕಿನ ರಿಂಗ್ ಬೈಂಡಿಂಗ್ ವೈರಿನಲ್ಲಿ ಕಟ್ಟಿತ್ತು" ಎಂದರು ಅಕ್ಕ. "ಮುಂದಕ್ಕೆ ಜೋತು ಬಿದ್ದಿತ್ತು. ನೀವು ಯಾವಾಗಲೂ ಟಾಸ್ ಗೆದ್ದು ಅದನ್ನೇ ಕೇಳುತ್ತಿದ್ದಿರಿ. ನಾನು ಆಗ ಹತ್ತು ವರ್ಷದವಳು, ಗೋಡೆಯ ಮೇಲೆ ಕೂತು ನೋಡುತ್ತಿದ್ದೆ."

ರಾಯರು ಆ ವೈರನ್ನು ನೆನಪಿಸಿಕೊಳ್ಳಲು ನಿರಾಕರಿಸಿದರು. ಗೌಡರು ಎರಡಿಂಚು ಕಳೆದರೂ ತಾವು ಮುಟ್ಟಿದ್ದು ಬೆರಳಲ್ಲಿ ಅಲ್ಲ, ಅಂಗೈಯಲ್ಲಿ, ಆದ್ದರಿಂದ ಲೆಕ್ಕ ಸರಿಹೋಗುತ್ತದೆ ಎಂದು ವಾದಿಸಿದರು. ಪುಟ್ಟ ಮೊಬೈಲ್ ತೆಗೆದು ತನ್ನ ವಿಡಿಯೋದಲ್ಲಿ ಕೈ ರಿಂಗಿಗಿಂತ ಎಷ್ಟು ಮೇಲಿದೆ ಎಂದು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಅಕ್ಕ ಚೆಂಡು ತೆಗೆದುಕೊಂಡು ಫ್ರೀ ಥ್ರೋ ಗೆರೆಗೆ ಹೋಗಿ, ಎರಡು ಕೈಯಲ್ಲಿ ಹಿಡಿದು, ಮೊಣಕಾಲು ಬಗ್ಗಿಸಿ, ಅಜ್ಜಿಯ ಹಾಗೆ ತೂಗಿ ಬಿಟ್ಟರು. ಚೆಂಡು ಎಲ್ಲೂ ತಗುಲದೆ ನೆಟ್ಟಿನಲ್ಲಿ ಇಳಿಯಿತು. ಇನ್ನೊಂದು. ಅದೂ.

"ಒಂಬತ್ತು ಅಡಿ ಏಳಿಂಚಿಗೂ ಇಷ್ಟು ಸಲೀಸಾಗಿ ಬೀಳಬಾರದಲ್ಲ" ಎಂದು ಗೌಡರು ನೆಲ ನೋಡಿದರು. ಆಮೇಲೆ ಗೆರೆ ನೋಡಿದರು. ಆಮೇಲೆ ಕೈಯಲ್ಲಿದ್ದ ಟೇಪು ನೋಡಿದರು. "ಗುಮಾಸ್ತರೇ, 2009ರಲ್ಲಿ ಸಿಮೆಂಟ್ ಹಾಕಿದ ಮೇಲೆ ಈ ಗೆರೆಗಳನ್ನು ಎಳೆದದ್ದು ಯಾರು?"

ಬಿಸಿಲು ಏರಿತು, ಮನೆಯಲ್ಲಿ ತರಕಾರಿ ಹೇಳಿದ್ದಾರೆ ಎಂದೆ. ಪುಟ್ಟ ಆಗಲೇ ಟೇಪಿನ ಒಂದು ತುದಿ ಹಿಡಿದು ಬೋರ್ಡಿನ ಕೆಳಗೆ ಹೋಗಿ ನಿಂತಿದ್ದ.