110 ಮೀಟರ್ ದೂರದ ಹೊರಾಂಗಣ ಪ್ಯಾನೆಲ್‌ಗೆ 6 ಚದರ ಮಿ.ಮೀ. ಕೇಬಲ್ ಸಾಕೇ?

ಪ್ರಶ್ನೆ

ಮನೆಯ ಮುಖ್ಯ ಬೋರ್ಡಿನಿಂದ ಜಮೀನಿನ ಇನ್ನೊಂದು ತುದಿಯ ಪಂಪ್ ಶೆಡ್ಡಿಗೆ ಕೇಬಲ್ ಸಾಗುವ ದಾರಿ 110 ಮೀಟರ್ ಇದೆ. ಅಲ್ಲಿ ಹೊರಗೋಡೆಗೆ ಒಂದು ಪ್ಯಾನೆಲ್ ಕೂರಿಸಿ, 3 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು, ಕೆಲವು ದೀಪಗಳು ಮತ್ತು ಒಂದು ಪವರ್ ಸಾಕೆಟ್ ನಡೆಸುವ ಉದ್ದೇಶವಿದೆ. ಎಲ್ಲ ಸೇರಿದರೂ 25 ಆಂಪಿಯರ್ ದಾಟದು. 6 ಚದರ ಮಿ.ಮೀ. ತಾಮ್ರದ ಕೇಬಲ್ ಅಷ್ಟನ್ನು ಸುಲಭವಾಗಿ ತಾಳುತ್ತದೆ, ಶೆಡ್ಡಿನ ಬಳಿಯೇ ಅರ್ಥಿಂಗ್ ಸರಳು ಹೂತರೆ ಮನೆಯಿಂದ ಅರ್ಥ್ ತಂತಿ ಎಳೆಯುವ ಅಗತ್ಯವೂ ಇಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ 1

ಕೇಬಲ್ ಬಿಸಿಯಾಗದಿರುವುದು ಬೇರೆ, ಅದರ ತುದಿಯಲ್ಲಿ ವೋಲ್ಟೇಜ್ ಉಳಿಯುವುದು ಬೇರೆ. ವಿದ್ಯುತ್ತು ಹೋಗಿ ಬರುವ ದಾರಿ 220 ಮೀಟರ್ ಆಗುವುದರಿಂದ, 6 ಚದರ ಮಿ.ಮೀ. ತಾಮ್ರದಲ್ಲಿ ಸುಮಾರು 0.63 ಓಮ್ ರೋಧವಿರುತ್ತದೆ. 25 ಆಂಪಿಯರ್ ಹರಿದಾಗ 230 ವೋಲ್ಟ್‌ನಲ್ಲಿ 16 ವೋಲ್ಟ್, ಎಂದರೆ ಶೇಕಡಾ 7ರಷ್ಟು, ದಾರಿಯಲ್ಲೇ ಕಳೆದುಹೋಗುತ್ತದೆ. ನಿಜವಾದ ತೊಂದರೆ ಮೋಟಾರು ಹೊರಡುವ ಕ್ಷಣದ್ದು. ಆಗ ಅದು ಐದು ಪಟ್ಟು ಕರೆಂಟ್ ಎಳೆದು 80 ಆಂಪಿಯರ್ ಮುಟ್ಟಿದರೆ ಇಳಿಕೆ 50 ವೋಲ್ಟ್ ಆಗುತ್ತದೆ. ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮೋಟಾರಿಗೆ ಸಿಗುವುದು ಅದರ ಬಲದ ಶೇಕಡಾ 60 ಮಾತ್ರ. ಅದು ಗುಂಯ್‌ಗುಟ್ಟುತ್ತ ನಿಂತಲ್ಲೇ ಸುಟ್ಟರೆ ಆಶ್ಚರ್ಯವಿಲ್ಲ. 16 ಚದರ ಮಿ.ಮೀ. ತಾಮ್ರ ಅಥವಾ 25 ಚದರ ಮಿ.ಮೀ. ಅಲ್ಯೂಮಿನಿಯಂ ಬಳಸಿದರೆ ಸಾಮಾನ್ಯ ಇಳಿಕೆ ಶೇಕಡಾ 3ರ ಆಸುಪಾಸಿಗೆ ಬರುತ್ತದೆ. ತ್ರೀ ಫೇಸ್ ಸಿಗುವಂತಿದ್ದರೆ ಮೋಟಾರನ್ನೇ ಬದಲಾಯಿಸುವುದು ಇನ್ನೂ ಜಾಣತನ.

ಉತ್ತರ 2

ಕೇಬಲ್ ತೆಳುವಾದರೆ ಕೆಡುವುದು ಮೋಟಾರು. ಅರ್ಥ್ ತಂತಿ ಬಿಟ್ಟರೆ ಹೋಗುವುದು ಜೀವ. ಫೇಸ್ ತಂತಿ ಮೋಟಾರಿನ ಕವಚಕ್ಕೆ ತಗುಲಿತೆಂದುಕೊಳ್ಳಿ. ಸರಳಿನ ರೋಧ 20 ಓಮ್ ಇದ್ದರೆ ಮಣ್ಣಿನ ಮೂಲಕ ಹರಿಯುವುದು ಬರೀ 11 ಆಂಪಿಯರ್ ಚಿಲ್ಲರೆ. 32 ಆಂಪಿಯರ್‌ನ ಎಂ.ಸಿ.ಬಿ. (ಮಿತಿ ಮೀರಿದ ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್ಚು) ಅದನ್ನು ಮಾಮೂಲಿ ಲೋಡ್ ಎಂದೇ ಭಾವಿಸಿ ಸುಮ್ಮನಿರುತ್ತದೆ, ಕವಚದಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ಅಂಥಲ್ಲಿ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಒಂದೇ ರಕ್ಷಣೆ, ಅದೂ ಕೆಟ್ಟ ದಿನ ಕಾಯುವವರಿಲ್ಲ. ಆದ್ದರಿಂದ ಸರಳಿನ ಜೊತೆಗೆ, ಮನೆಯಿಂದಲೇ ಅರ್ಥ್ ತಂತಿಯೂ ಬರಲಿ. ದೂರದ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಬಾರ್ ಮತ್ತು ಅರ್ಥ್ ಬಾರ್ (ಆಯಾ ತಂತಿಗಳನ್ನು ಜೋಡಿಸುವ ಲೋಹದ ಪಟ್ಟಿಗಳು) ಬೇರೆ ಬೇರೆಯಾಗಿಯೇ ಇರಬೇಕು. ಅವೆರಡನ್ನು ಅಲ್ಲಿ ಸೇರಿಸಿದರೆ ನ್ಯೂಟ್ರಲ್ ಕರೆಂಟು ಅರ್ಥ್ ತಂತಿಯಲ್ಲೂ ಹರಿಯತೊಡಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 16 ಚದರ ಮಿ.ಮೀ. ತಾಮ್ರವನ್ನೇ, ಅಷ್ಟೇ ದಪ್ಪದ ಅರ್ಥ್ ತಂತಿಯ ಸಹಿತ, ಹಾಕಿಸುತ್ತೇನೆ. ನೆಲದಲ್ಲಿ ಹೂಳುವಾಗ ಏನನ್ನು ಗಮನಿಸಬೇಕು?

ಉತ್ತರ 3

ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ಆದರೆ ಮುಕ್ಕಾಲು ಮೀಟರ್ ಆಳದಲ್ಲಿ, ಕೆಳಗೂ ಮೇಲೂ ಮರಳು ಹಾಸಿ, ಅದರ ಮೇಲೆ ಎಚ್ಚರಿಕೆಯ ಪಟ್ಟಿ ಎಳೆದು ಮುಚ್ಚಿಸಿ. ನಿಮ್ಮಲ್ಲಿನ ನಿಯಮ ಇನ್ನೂ ಆಳ ಕೇಳಿದರೆ ಅದನ್ನೇ ಪಾಲಿಸಿ. ನಡುವೆ ಜಾಯಿಂಟ್ ಬಾರದಂತೆ ಒಂದೇ ಉದ್ದದ ಕೇಬಲ್ ತರಿಸಿ. ಶೆಡ್ಡಿನ ಪ್ಯಾನೆಲ್ಲಿಗೆ ಪ್ರತ್ಯೇಕ ಮೇನ್ ಸ್ವಿಚ್ ಇರಲಿ, ಕೇಬಲ್ ಕೆಳಗಿನಿಂದ ಗ್ಲ್ಯಾಂಡ್ (ಕೇಬಲನ್ನು ಬಿಗಿಹಿಡಿದು ಸಂದು ಮುಚ್ಚುವ ಬಿಡಿಭಾಗ) ಮೂಲಕ ಒಳಸೇರಲಿ, ಮೇಲಿನಿಂದ ತಂದರೆ ಮಳೆನೀರೂ ಜೊತೆಗೇ ಬರುತ್ತದೆ. ಸಾಕೆಟ್ಟಿಗೆ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಶೆಡ್ಡಿನಲ್ಲೇ ಇದ್ದರೆ, ಅದು ಬಿದ್ದಾಗಲೆಲ್ಲ ಕತ್ತಲಲ್ಲಿ ಮನೆಗೆ ನಡೆಯುವುದು ತಪ್ಪುತ್ತದೆ. ಗುಂಡಿ ಮುಚ್ಚುವ ಮೊದಲು ಇನ್ಸುಲೇಷನ್ ಪರೀಕ್ಷೆ (ತಂತಿಯ ಹೊದಿಕೆಯಲ್ಲಿ ಕರೆಂಟು ಸೋರುತ್ತದೆಯೇ ಎಂಬ ತಪಾಸಣೆ) ಮಾಡಿಸಿ, ಕೇಬಲ್ ಸಾಗಿದ ದಾರಿಯ ಅಳತೆಗಳನ್ನು ಬರೆದಿಟ್ಟುಕೊಳ್ಳಿ.